ಆರೂವರೆ ನಿಮಿಷದ ಆಚೆಗಿನ ಓಟ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ಜೇವರ್ಗಿಯಿಂದ ಹೊರಟು ಬಳ್ಳಾರಿ ದಾಟಿ ಚಾಮರಾಜನಗರದವರೆಗೆ ಹೋಗುವ 150ಎ ರಸ್ತೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಈ ಮೂರನ್ನೂ ಪೋಣಿಸಿಕೊಂಡಿದೆ. ನಸುಕಿನ ಹೊತ್ತು ಈ ರಸ್ತೆಯ ಅಂಚಿನಲ್ಲಿ, ಕಾಲುವೆಯ ದಂಡೆಯ ಮೇಲೆ, ಕಾಲೇಜಿನ ಬಯಲಿನಲ್ಲಿ ಹುಡುಗರು ರನ್ನಿಂಗ್ ಹೊಡೆಯುವುದು ಕಾಣುತ್ತದೆ. ನೇಮಕಾತಿಯ ಕರೆ ಬಂದ ವಾರಗಳಲ್ಲಿ ಅವರ ಸಂಖ್ಯೆ ಏರುತ್ತದೆ, ಫಿಸಿಕಲ್ ಮುಗಿದ ಮೇಲೆ ಇಳಿಯುತ್ತದೆ. ಈ ಭಾಗದಲ್ಲಿ ಓಟಕ್ಕೂ ಒಂದು ಹಂಗಾಮು ಇದೆ.

ಆ ಹಂಗಾಮಿನ ಅಳತೆಗೋಲು ಎಲ್ಲರಿಗೂ ಬಾಯಿಪಾಠ. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಯುವಕರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಯುವತಿಯರಿಗೆ 400 ಮೀಟರ್, 2 ನಿಮಿಷ. ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತ. ಸೇನೆಯ ರ‍್ಯಾಲಿಗಳಲ್ಲಿ ಬಹಳ ವರ್ಷ ಪೂರ್ಣ ಅಂಕಕ್ಕೆ ಐದೂವರೆ ನಿಮಿಷದೊಳಗೆ ಇದೇ ದೂರ ಓಡಬೇಕಿತ್ತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಹುದ್ದೆಗಳು ಪ್ರತ್ಯೇಕವಾಗಿ ಮೀಸಲಾದವು. ಖಾಕಿ ಬಟ್ಟೆ ಎಂದರೆ ತಿಂಗಳ ಸಂಬಳ, ಮನೆಗೆ ಭದ್ರತೆ, ಊರಲ್ಲಿ ಮರ್ಯಾದೆ. ಆದ್ದರಿಂದ ಈ ಆರೂವರೆ ನಿಮಿಷವನ್ನು ಹಗುರವಾಗಿ ಕಾಣುವಂತಿಲ್ಲ.

ಆದರೂ ಈ ಓಟ ಎಷ್ಟು ಕಠಿಣ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಗಂಟೆಗೆ ಹದಿನೈದು ಕಿಲೋಮೀಟರಿಗಿಂತ ತುಸು ಕಡಿಮೆ ವೇಗ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ವೈದ್ಯಕೀಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ಇದಕ್ಕಿಂತ ಒಂಬತ್ತು ಮೀಟರ್ ಹೆಚ್ಚಿನ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ್ದ. ಆ ಎತ್ತರವನ್ನು ಯಾರೂ ಕೇಳುತ್ತಿಲ್ಲ. ಆರೂವರೆ ನಿಮಿಷ ಎಂಬುದು ಕಾಯಿಲೆಯಿಲ್ಲದ, ಹೊಟ್ಟೆ ತುಂಬ ಉಣ್ಣುವ, ಇಪ್ಪತ್ತರ ಹರೆಯದ ಬಹುತೇಕ ಹುಡುಗರಿಗೆ ಸಾಧ್ಯವಾಗಬೇಕಾದ ಮಟ್ಟ. ಹಾಗಿದ್ದೂ ಮೂರನೆಯ ಸುತ್ತಿಗೆ ದಮ್ಮು ಕಟ್ಟಿ ನಿಂತುಬಿಡುವವರು ಇದ್ದಾರೆ. ಲಿಖಿತ ಪರೀಕ್ಷೆಯಲ್ಲಿ ಗೆದ್ದು ಮೈದಾನದಲ್ಲಿ ಸೋತ ಮಕ್ಕಳು ಈ ಊರುಗಳ ಎಷ್ಟೋ ಮನೆಗಳಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಸೋತದ್ದು ಕಾಲಿನ ಬಲ ಸಾಲದೆ ಅಲ್ಲ. ತಯಾರಿಗೆ ಸಿಕ್ಕ ಕಾಲ ಸಾಲಲಿಲ್ಲ.

ದೇಹ ಓಟಕ್ಕೆ ಬೇಕಾದ ಶಕ್ತಿಯನ್ನು ಮೂರು ದಾರಿಯಿಂದ ತರುತ್ತದೆ. ಸ್ನಾಯುವಿನೊಳಗೆ ಸಿದ್ಧವಾಗಿ ಕುಳಿತ ಇಂಧನ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಿದಾಗುತ್ತದೆ. ನೂರು ಮೀಟರಿನ ಓಟಗಾರ ನೆಚ್ಚುವುದು ಮುಖ್ಯವಾಗಿ ಅದನ್ನೇ. ಎರಡನೆಯದು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆಯುವ ದಾರಿ. ಒಂದೆರಡು ನಿಮಿಷ ಭರ್ತಿ ವೇಗ ಕೊಡುತ್ತದೆ, ಬೆನ್ನಿಗೇ ತೊಡೆ ಉರಿಯುತ್ತದೆ, ಕಾಲು ಕಲ್ಲಾಗುತ್ತದೆ. ಮೂರನೆಯದು ಉಸಿರಿನ ದಾರಿ: ಶ್ವಾಸಕೋಶ ತಂದ ಆಮ್ಲಜನಕವನ್ನು ಹೃದಯ ರಕ್ತದ ಮೂಲಕ ಸ್ನಾಯುವಿಗೆ ಮುಟ್ಟಿಸಿ, ಅಲ್ಲಿ ನಿಧಾನವಾಗಿ, ದೀರ್ಘವಾಗಿ ಉರಿಸುವ ಬಗೆ. 1600 ಮೀಟರಿನ ಓಟದಲ್ಲಿ ಖರ್ಚಾಗುವ ಶಕ್ತಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಬರುವುದು ಈ ಮೂರನೆಯ ದಾರಿಯಿಂದ. ಮೊದಲ ಸುತ್ತಿನಲ್ಲೇ ಗುಂಪಿನ ಮುಂದೆ ನುಗ್ಗುವ ಹುಡುಗ ಎರಡನೆಯ ದಾರಿಯ ಬಂಡವಾಳವನ್ನೆಲ್ಲ ಅಲ್ಲೇ ಸುರಿದು ಬಿಡುತ್ತಾನೆ. ಉಳಿದ ಮೂರು ಸುತ್ತಿಗೆ ಅವನ ಬಳಿ ಏದುಸಿರು ಮಾತ್ರ ಇರುತ್ತದೆ.

ಉಸಿರಿನ ದಾರಿಯನ್ನು ಅಗಲಗೊಳಿಸಬಹುದು, ಆದರೆ ಅವಸರದಿಂದ ಆಗದು. ನಿಯಮಿತ ಓಟ ಶುರುವಾದ ಒಂದೆರಡು ವಾರದಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಒಂದೊಂದು ಬಡಿತಕ್ಕೂ ಹೃದಯ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಗಳಲ್ಲಿ ಹೊಸ ಲೋಮನಾಳಗಳು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಎಲ್ಲಕ್ಕಿಂತ ತಡವಾಗಿ ಗಟ್ಟಿಯಾಗುವುದು ಎಲುಬು ಮತ್ತು ಸ್ನಾಯುರಜ್ಜು. ಉಸಿರು ಒಪ್ಪಿದರೂ ಎಲುಬು ಒಪ್ಪದಿರುವ ಈ ನಡುಗಾಲದಲ್ಲೇ ಮೊಣಕಾಲಿನ ಕೆಳಗೆ ಮುಂಗಾಲಿನುದ್ದಕ್ಕೂ ನೋವು ಹತ್ತುತ್ತದೆ. ಡಾಂಬರು ರಸ್ತೆಯ ಮೇಲೆ, ತೆಳು ಅಡಿಯ ಬೂಟಿನಲ್ಲಿ, ಒಮ್ಮೆಲೇ ದಿನಕ್ಕೆ ಐದಾರು ಕಿಲೋಮೀಟರ್ ಓಡಲು ಇಳಿದವರು ಈ ನೋವನ್ನು ಚೆನ್ನಾಗಿ ಬಲ್ಲರು. ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಮತ್ತೆ ಓಡುತ್ತಾರೆ. ಕೆಲವರ ಎಲುಬಿನಲ್ಲಿ ಸಣ್ಣ ಬಿರುಕೇ ಬಿಡುತ್ತದೆ.

ನೇಮಕಾತಿಯ ಕ್ರಮ ಈ ಅವಸರವನ್ನು ಇನ್ನಷ್ಟು ಹೆಚ್ಚಿಸಿದೆ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಆಮೇಲೆ ದೈಹಿಕ ಪರೀಕ್ಷೆ. ಸೇನೆ ಕೂಡ 2023ರಿಂದ ಆನ್‌ಲೈನ್ ಪರೀಕ್ಷೆಯನ್ನು ಮೊದಲಿಗೆ ತಂದಿತು. ಸಾವಿರಾರು ಜನರನ್ನು ಮೈದಾನಕ್ಕೆ ಕರೆದು ನಿಲ್ಲಿಸುವುದಕ್ಕಿಂತ ಇದು ಸುಲಭದ ವ್ಯವಸ್ಥೆ, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಅದರ ಪರಿಣಾಮ ಮಾತ್ರ ಹೀಗಿದೆ: ವರ್ಷಗಟ್ಟಲೆ ಗ್ರಂಥಾಲಯದ ಕುರ್ಚಿಯಲ್ಲಿ, ಕೋಚಿಂಗ್ ಕೊಠಡಿಯಲ್ಲಿ ಕುಳಿತ ಮೈ, ಫಲಿತಾಂಶ ಬಂದ ಮೇಲೆ ಕೆಲವೇ ವಾರಗಳಲ್ಲಿ ಓಟಗಾರನದಾಗಬೇಕು. ತೊಂಬತ್ತು ದಿನದ ಬ್ಯಾಚಿಗೆ ದುಡ್ಡು ಕಟ್ಟುವವರು ಹೆಚ್ಚುವುದು ಆಗಲೇ. ಅಮೆರಿಕ ಮತ್ತು ಕೆನಡಾದ ವಿಜ್ಞಾನಿಗಳು 1990ರ ದಶಕದಲ್ಲಿ ನಡೆಸಿದ ಹೆರಿಟೇಜ್ ಅಧ್ಯಯನ ವ್ಯಾಯಾಮವಿಲ್ಲದ ಕುಟುಂಬಗಳಿಗೆ 20 ವಾರ ತರಬೇತಿ ಕೊಟ್ಟು ಆಮ್ಲಜನಕ ಬಳಸುವ ಸಾಮರ್ಥ್ಯವನ್ನು ಅಳೆಯಿತು. ಸರಾಸರಿ ನೋಡಿದರೆ ಚೆನ್ನಾಗಿಯೇ ಏರಿತ್ತು, ಆದರೆ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ. ಆ ವ್ಯತ್ಯಾಸದ ಅರ್ಧದಷ್ಟು ವಂಶದಿಂದ ಬಂದದ್ದು ಎಂದು ಸಂಶೋಧಕರು ಅಂದಾಜಿಸಿದರು. ಬೇಗ ಏರುವ ಮೈಯವರು ಬ್ಯಾಚಿನಲ್ಲಿ ಪಾಸಾಗುತ್ತಾರೆ. ನಿಧಾನಕ್ಕೆ ಏರುವವರಿಗೆ ಬೇಕಾದದ್ದು ಇನ್ನಷ್ಟು ತಿಂಗಳು; ಅವರ ಪಾಲಿಗೆ ಸಿಗುವುದು ‘ನಿನಗೆ ದಮ್ಮಿಲ್ಲ’ ಎಂಬ ಹಣೆಪಟ್ಟಿ.

ಮಸ್ಕಿಯಲ್ಲೇ ಈ ಹಣೆಪಟ್ಟಿಗೆ ಎದುರಾಗುವ ಒಂದು ಹಳೆಯ ಮಾತಿದೆ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿ ಕಂಡ ಶಾಸನವನ್ನು ಜಗತ್ತು ನೆನೆಯುವುದು ಅಶೋಕನ ಹೆಸರು ಅದರಲ್ಲಿದೆ ಎಂಬ ಕಾರಣಕ್ಕೆ. ಅದರ ತಿರುಳು ಬೇರೆ: ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಭಾವಿಸಬಾರದು, ಸಾಮಾನ್ಯರೂ ಅದನ್ನು ಪಡೆಯಬಲ್ಲರು ಎಂಬುದು. ಶಾಸನ ಓಟದ ಬಗ್ಗೆ ಹೇಳುತ್ತಿಲ್ಲ ನಿಜ. ಆದರೆ ಆ ಬಂಡೆಯ ಊರಿನ ಮಕ್ಕಳಿಗೆ ಸಾಮರ್ಥ್ಯವೆಂಬುದು ಹುಟ್ಟಿನಿಂದ ಕೆಲವರಿಗಷ್ಟೇ ಬರುವ ವರ ಎಂದು ಹೇಳುವುದು ಸಲ್ಲದು.

ಸಾಮಾನ್ಯರ ಕೇರಿಯೊಂದಕ್ಕೆ ಕಾಲಾವಕಾಶ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಒಂದು ಬಡಾವಣೆ ಸಾಕ್ಷಿ. ಬೂಟು ಕಾರ್ಖಾನೆಯ ಕೆಲಸಗಾರ ಆರ್ಥರ್ ಲಿಡಿಯಾರ್ಡ್ ತನ್ನ ಸುತ್ತಮುತ್ತಲಿನ ಹುಡುಗರನ್ನು ವಾರಕ್ಕೆ 160 ಕಿಲೋಮೀಟರಿನಷ್ಟು ಓಡಿಸುತ್ತಿದ್ದ, ಬಹುಪಾಲು ಗುಡ್ಡದ ರಸ್ತೆಗಳಲ್ಲಿ, ಒಂದು ಹದದ ವೇಗದಲ್ಲಿ. ಎರಡು ಸುತ್ತಿನ 800 ಮೀಟರ್ ಓಡುವವನಿಗೂ ಮೊದಲು ಮ್ಯಾರಥಾನ್ ಓಟಗಾರನ ದಮ್ಮು ಬೇಕು, ವೇಗದ ತಾಲೀಮು ಆಮೇಲೆ ಎಂಬುದು ಅವನ ನಂಬಿಕೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ಸಂಜೆ ಅವನ ಇಬ್ಬರು ಶಿಷ್ಯರು ಚಿನ್ನ ಗೆದ್ದರು: 800 ಮೀಟರಿನಲ್ಲಿ ಪೀಟರ್ ಸ್ನೆಲ್, 5000 ಮೀಟರಿನಲ್ಲಿ ಮರ್ರೆ ಹಾಲ್ಬರ್ಗ್. ಸಿಂಧನೂರಿನ ಹುಡುಗನಿಗೆ ವಾರಕ್ಕೆ 160 ಕಿಲೋಮೀಟರ್ ಬೇಕಿಲ್ಲ. ಮಾತಾಡುತ್ತ ಓಡಬಹುದಾದ ವೇಗದಲ್ಲಿ ವಾರಕ್ಕೆ ನಾಲ್ಕು ದಿನ ಮೂವತ್ತು ನಲವತ್ತು ನಿಮಿಷ, ಮೊದಲ ಕೆಲವು ತಿಂಗಳು ಅಷ್ಟು ಸಾಕು. ಗಡಿಯಾರ ಹಿಡಿದು ಸುತ್ತಿನ ವೇಗ ಕಲಿಯುವುದು ಕೊನೆಯ ಆರೆಂಟು ವಾರದ ಕೆಲಸ. ಈಗ ನಡೆಯುತ್ತಿರುವುದು ತಿರುಗಾಮುರುಗಾ. ಮೊದಲ ದಿನವೇ 1600 ಮೀಟರಿಗೆ ಟೈಮ್ ಹಿಡಿಯುತ್ತಾರೆ.

ದೀರ್ಘ ಓಟ, ದೀರ್ಘ ನಡಿಗೆ ಕನ್ನಡ ನೆಲಕ್ಕೆ ಹೊಸದಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ರೈತರನ್ನು ಕಂಡು ದೊರಾಬ್ಜಿ ಟಾಟಾ ಭಾರತೀಯರನ್ನು ಒಲಿಂಪಿಕ್ಸ್‌ಗೆ ಕಳಿಸಲು ಮುಂದಾದರು. ಮರುವರ್ಷ ಆಂಟ್‌ವರ್ಪಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 42.75 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಒಲಿಂಪಿಕ್ಸ್ ಮ್ಯಾರಥಾನುಗಳಲ್ಲೇ ಅತಿ ಉದ್ದದ ದಾರಿ ಅದು. ಅವರ ಹೆಸರು ಶಾಲೆಯ ಗೋಡೆಗಳ ಮೇಲೆ ಇರಬೇಕಿತ್ತು. ಯುಗಾದಿಯ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ರಾಯಚೂರು ಜಿಲ್ಲೆಯನ್ನು ಹಾದು ಶ್ರೀಶೈಲಕ್ಕೆ ಇಂದಿಗೂ ನಡೆಯುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿತ ರಾತ್ರಿಯೆಲ್ಲ ಸಾಗುತ್ತದೆ. ದಮ್ಮು ಇಲ್ಲಿ ಎಂದೂ ಬರಿ ನೌಕರಿಯ ಸರಕಾಗಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ ಆಕ್ಷೇಪವೇ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ, ಹಟ್ಟಿಯ ಚಿನ್ನದ ಗಣಿಯ ಆಳಕ್ಕೆ ಇಳಿಯುವವರಿಗೆ ಬೇರೆ ವ್ಯಾಯಾಮ ಏಕೆ? 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ನೌಕರರನ್ನು ಹೋಲಿಸಿ ಪ್ರಕಟಿಸಿದ ಪ್ರಬಂಧ ಈ ಆಕ್ಷೇಪಕ್ಕೆ ಬಲ ಕೊಡುವಂತಿದೆ. ಇಡೀ ದಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತು ಓಡಿಸುವ ಚಾಲಕರಲ್ಲಿ ಹೃದ್ರೋಗ ಹೆಚ್ಚಿತ್ತು. ದುಡಿಮೆ ಹೃದಯ ಕಾಯುತ್ತದೆ ಎಂದೇ ಅದನ್ನು ಓದಲಾಯಿತು. ಆದರೆ 2021ರಲ್ಲಿ ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ ಬೇರೆಯದನ್ನು ತೋರಿಸಿತು. ಬಿಡುವಿನ ವೇಳೆಯಲ್ಲಿ ಮೈ ದಂಡಿಸುವವರಿಗೆ ಹೃದಯಾಘಾತದ ಅಪಾಯ ಕಡಿಮೆ. ಹೊಟ್ಟೆಪಾಡಿನ ಕೆಲಸದಲ್ಲಿ ಅತಿಯಾಗಿ ಮೈ ದಂಡಿಸುವವರಿಗೆ ಹೆಚ್ಚು. ಭಾರ ಎತ್ತುವುದು, ಬಾಗಿಯೇ ಇರುವುದು, ದಣಿದಾಗ ನಿಲ್ಲಿಸುವ ಸ್ವಾತಂತ್ರ್ಯ ಇಲ್ಲದಿರುವುದು ಹೃದಯವನ್ನು ತಾಸುಗಟ್ಟಲೆ ಒತ್ತಡದಲ್ಲಿಡುತ್ತದೆ, ಚೇತರಿಸಿಕೊಳ್ಳಲು ಬಿಡುವು ಕೊಡುವುದಿಲ್ಲ ಎಂಬುದು ಸಂಶೋಧಕರು ಮುಂದಿಟ್ಟ ವಿವರಣೆ. ಡೆನ್ಮಾರ್ಕಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಇಳಿಸಲಾಗದು. ಆದರೂ ಸಿಂಧನೂರಿನ ಭತ್ತದ ಗದ್ದೆಯಲ್ಲಿ ಕೆಸರು ನೀರಿನಲ್ಲಿ ಬಾಗಿ ನಾಟಿ ಮಾಡುವ ಹೆಣ್ಣುಮಗಳ ದಿನವನ್ನು ‘ಒಳ್ಳೆಯ ಎಕ್ಸರ್‌ಸೈಜು’ ಎಂದು ಕರೆಯುವ ಮೊದಲು ಇದನ್ನು ಓದಬೇಕು. ಆಕೆಗೆ ಬೇಕಾದದ್ದು ವಿಶ್ರಾಂತಿ, ಪೌಷ್ಟಿಕ ಊಟ, ಬೆನ್ನು ನೆಟ್ಟಗೆ ಮಾಡುವ ಬಿಡುವು.

ಇನ್ನೊಂದು ತುದಿಯಲ್ಲಿ, ದುಡಿಮೆಯೇ ಕರಗಿಹೋದ ಮೈಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಭತ್ತ ತಂದಿತು, ಅಕ್ಕಿ ಗಿರಣಿ ತಂದಿತು, ಆಮೇಲೆ ಕಟಾವು ಯಂತ್ರ ತಂದಿತು. ಹಿಂದೆ ಹಿಂಡು ಜನ ಮಾಡುತ್ತಿದ್ದ ಸುಗ್ಗಿಯನ್ನು ಇಂದು ಯಂತ್ರ ಗಂಟೆಗಳಲ್ಲಿ ಮುಗಿಸುತ್ತದೆ. ಅಂಗಡಿಯಿಂದ ಮನೆಗೆ ಬೈಕು, ಮನೆಯಿಂದ ಹೊಲಕ್ಕೆ ಬೈಕು. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ಮೈಯಾಡಿಸುವುದಿಲ್ಲ. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಅಥವಾ 75 ನಿಮಿಷದ ಓಟ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ನಲವತ್ತು ದಾಟಿದವರು ವೇಗದ ಓಟವನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ವಯಸ್ಸಾದಂತೆ ಮೊದಲು ಕುಗ್ಗುವುದು ಚುರುಕಿನ ಸ್ನಾಯುತಂತುಗಳು, ಎಡವಿದಾಗ ತಟ್ಟನೆ ಕಾಲೂರಿ ನಿಲ್ಲಿಸುವುದು ಅವೇ. ವೈದ್ಯರ ಒಪ್ಪಿಗೆ ಇದ್ದರೆ ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟದ ಮೆಟ್ಟಿಲನ್ನು ಬಿರುಸಾಗಿ ಹತ್ತುವುದು ಯಾವ ಜಿಮ್ಮಿಗೂ ಕಡಿಮೆಯಲ್ಲ.

ಖಾಕಿ ಸಿಕ್ಕವರ ಕಥೆಯೂ ಇದರಿಂದ ಹೊರತಲ್ಲ. 2018ರಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್ ಅವರು ಬೊಜ್ಜು ಬೆಳೆದ ಸಿಬ್ಬಂದಿ ತೂಕ ಇಳಿಸಬೇಕೆಂದು ಸೂಚಿಸಿದ್ದು ದೊಡ್ಡ ಸುದ್ದಿಯಾಯಿತು. ಅವರೆಲ್ಲ ಒಂದು ಕಾಲಕ್ಕೆ ಓಡಿಯೇ ಒಳಬಂದವರು. ಓಟ ನಿಂತ ಕೆಲವೇ ವಾರಗಳಲ್ಲಿ ಉಸಿರಿನ ಸಾಮರ್ಥ್ಯ ಇಳಿಯತೊಡಗುತ್ತದೆ, ಪಾಳಿಯ ಕೆಲಸ, ನಿದ್ದೆಗೇಡು, ಹೊತ್ತಲ್ಲದ ಹೊತ್ತಿನ ಊಟ ಉಳಿದದ್ದನ್ನು ಮಾಡುತ್ತವೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಅವರಿಗೆ ನಿಗದಿಯಾದ 400 ಮೀಟರ್, 2 ನಿಮಿಷ ಎಂಬುದು ದೂರದಲ್ಲಿ ಗಂಡಸರ ಕಾಲುಭಾಗ. ವೇಗವೂ ಗಂಟೆಗೆ ಹನ್ನೆರಡು ಕಿಲೋಮೀಟರ್ ಮಾತ್ರ. ಇದನ್ನು ರಿಯಾಯಿತಿ ಎಂದುಕೊಳ್ಳುವವರಿದ್ದಾರೆ. ಆದರೆ ಒಂದು ಸುತ್ತಿನ ಓಟಕ್ಕೆ ದಮ್ಮು ಬೆಳೆಸುವ ತಾಲೀಮೇ ಬೇಕಾಗುವುದಿಲ್ಲ, ಹಾಗಾಗಿ ಅದನ್ನು ಯಾರೂ ಕಲಿಸುವುದಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿದ ಮಹಿಳೆಯರು ದಣಿದು ಬಿದ್ದರೆಂದು ಗುಲ್ಲೆಬ್ಬಿಸಿ ಆ ಓಟವನ್ನೇ 1960ರವರೆಗೆ ತೆಗೆದುಹಾಕಲಾಗಿತ್ತು. ಮಹಿಳೆಯರ ಮ್ಯಾರಥಾನ್ ಸೇರಿದ್ದು 1984ರಲ್ಲಿ. ಹೆಣ್ಣಿನ ದೇಹಕ್ಕೆ ದೂರದ ಓಟ ಒಗ್ಗದೆಂಬ ಆ ಊಹೆಯನ್ನು ಓಟಗಾರ್ತಿಯರೇ ಸುಳ್ಳು ಮಾಡಿದ್ದಾರೆ. ನಿಜವಾದ ತೊಡಕು ರಕ್ತದಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸಾಲದಿದ್ದರೆ ಎಂಥ ತರಬೇತಿಯೂ ಒಂದು ಮಟ್ಟ ದಾಟುವುದಿಲ್ಲ. ಓಡುವ ಹುಡುಗಿಗೆ ಮೊದಲು ಬೇಕಾದದ್ದು ಒಂದು ರಕ್ತಪರೀಕ್ಷೆ, ಕೊರತೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಬ್ಬಿಣಾಂಶದ ಮಾತ್ರೆ. ಊಟದಲ್ಲಿ ಪುಂಡಿಪಲ್ಯ, ಮೊಳಕೆಕಾಳು, ಸಜ್ಜೆ ರೊಟ್ಟಿ, ಮೇಲೆ ಹಿಂಡಿದ ನಿಂಬೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ. ಇದರ ಜೊತೆಗೆ ನಸುಕಿನ ಕತ್ತಲಲ್ಲಿ ಅಂಜದೆ ಓಡಬಹುದಾದ ಜಾಗ ಬೇಕು. ಹುಡುಗರು ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕ ಓಡಿಕೊಂಡಾರು. ಹುಡುಗಿಯನ್ನು ಅಲ್ಲಿಗೆ ಯಾವ ಮನೆ ಕಳಿಸೀತು?

ಬಿಸಿಲನ್ನೂ ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗ 40 ಡಿಗ್ರಿ ದಾಟುತ್ತದೆ. ಬಿಸಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. 2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡಿನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಅಲ್ಲಿ ಕೇಳಿದ್ದು ಒಂದು ಗಂಟೆಯಲ್ಲಿ 10 ಕಿಲೋಮೀಟರ್, ಕರ್ನಾಟಕದ 1600 ಮೀಟರಿಗಿಂತ ಎಷ್ಟೋ ನಿಧಾನದ ವೇಗ. ಸೆಕೆ, ಕಾಯುವಿಕೆ, ಸಿದ್ಧತೆಯ ಕೊರತೆ ಎಲ್ಲವೂ ಆಗ ಚರ್ಚೆಗೆ ಬಂದವು, ಸರ್ಕಾರ ಓಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ನೌಕರಿಗೆಂದು ಹೋದ ಮಗ ಮೈದಾನದಿಂದ ಹೆಣವಾಗಿ ಬರುವುದು ಯಾವ ರಾಜ್ಯದಲ್ಲೂ ಮರುಕಳಿಸಬಾರದ ಸಂಗತಿ.

ಹಾಗಾದರೆ ಮಾಡಬಹುದಾದದ್ದೇನು? ಬೆಂಗಳೂರಿನಲ್ಲಿ 2008ರಿಂದ ವಿಶ್ವಮಟ್ಟದ 10 ಕಿಲೋಮೀಟರ್ ಓಟ ನಡೆಯುತ್ತಿದೆ, ಪ್ರಾಯೋಜಕರಿದ್ದಾರೆ, ಪ್ರವೇಶ ಶುಲ್ಕವಿದೆ. ತಾಲ್ಲೂಕು ಊರಿಗೆ ಅದರ ಪ್ರತಿ ಬೇಡ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು ಹದಿಮೂರು ಜನ ಸೇರಿ 5 ಕಿಲೋಮೀಟರ್ ಓಡಿದರು, ಸ್ವಯಂಸೇವಕರು ಸಮಯ ಬರೆದುಕೊಂಡರು. ಶುಲ್ಕವಿಲ್ಲದ ಆ ವಾರದ ಓಟ ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿತು. ಅಂಥದ್ದೊಂದನ್ನು ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ತಿಂಗಳಿಗೊಮ್ಮೆ ನಡೆಸಲು ದೊಡ್ಡ ಅನುದಾನ ಬೇಕಿಲ್ಲ. ಸುಣ್ಣದ ಗೆರೆ ಹಾಕಿದ 400 ಮೀಟರಿನ ಮಣ್ಣಿನ ಸುತ್ತು, ಗಡಿಯಾರ ಹಿಡಿದ ದೈಹಿಕ ಶಿಕ್ಷಕರು, ಕುಡಿಯುವ ನೀರು, ಒಂದು ಹಾಜರಿ ಪುಸ್ತಕ. ಅಧಿಸೂಚನೆ ಇರಲಿ ಬಿಡಲಿ, ತಿಂಗಳ ಒಂದು ಭಾನುವಾರ 1600 ಮೀಟರಿನ ಬಹಿರಂಗ ಓಟ: ಪಿಯುಸಿ ಹುಡುಗ, ಗೃಹಿಣಿ, ಗಿರಣಿಯ ಗುಮಾಸ್ತ, ನಿವೃತ್ತ ಹವಾಲ್ದಾರ, ಯಾರೂ ಓಡಬಹುದು, ನಡೆಯಲೂಬಹುದು. ಪುಸ್ತಕದಲ್ಲಿ ಅವರವರ ಹಿಂದಿನ ತಿಂಗಳ ಸಮಯದ ಪಕ್ಕ ಈ ತಿಂಗಳದ್ದು. ಕೋಚಿಂಗ್ ಕೇಂದ್ರಗಳೂ ಲಿಖಿತ ಪರೀಕ್ಷೆಯ ಪಾಠ ಶುರುವಾದ ದಿನದಿಂದಲೇ ವಾರಕ್ಕೆ ನಾಲ್ಕು ಬೆಳಗು ಮೈದಾನಕ್ಕೆ ಮೀಸಲಿಡಬಹುದು.

ಮೈದಾನಕ್ಕೆ ದೀಪ ಬರಬೇಕು. ಹೆಣ್ಣುಮಕ್ಕಳಿಗೆ ಒಬ್ಬ ಮಹಿಳಾ ತರಬೇತುದಾರರು, ಬಟ್ಟೆ ಬದಲಿಸಲು ಕೋಣೆ, ಶೌಚಾಲಯ ಬೇಕು. ನಗರಸಭೆ, ಪುರಸಭೆಗಳ ಬಜೆಟ್‌ನಲ್ಲಿ ಇವಕ್ಕೆ ಒಂದು ಸಾಲು ಹಾಕಿಸುವುದು ಸದಸ್ಯರ ಕೈಯಲ್ಲಿದೆ. ಬೆಳಗಿನ ನಾಲ್ಕೂವರೆಯಿಂದ ಏಳರವರೆಗೆ ಕಾಲೇಜು ಮೈದಾನದ ಗೇಟು ತೆರೆದಿಡುವುದಕ್ಕೆ ಪ್ರಾಂಶುಪಾಲರ ಒಂದು ಆದೇಶ ಸಾಕು, ಅದಕ್ಕೆ ಬಜೆಟ್ಟೂ ಬೇಡ.